ಎರಡನೆಯ ರಿಮೋಟು

ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಉಂಡಿ ಕಟ್ಟುವುದು, ಅಳ್ಳು ಹುರಿಯುವುದು, ಜೋಕಾಲಿ ಜೀಕುವುದು ಇವೆಲ್ಲ ಇದ್ದದ್ದೇ. ನನಗೆ ಈ ಹಬ್ಬ ಸೇರುವುದು ಬೇರೊಂದು ಕಾರಣಕ್ಕೆ. ಮದುವೆಯಾದ ಹೆಂಗಸರು ಹಗಲು ಹೊತ್ತಿನಲ್ಲಿ ನೆಲದ ಮೇಲೆ ಕುಳಿತು ಆಟ ಆಡಿದರೂ "ನಿಮಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಯಾರೂ ಕೇಳದಿರುವುದು ವರ್ಷದಲ್ಲಿ ಈ ಎರಡು ಮೂರು ದಿನ ಮಾತ್ರ.

ಕಳೆದ ಪಂಚಮಿಗೆ ಇಲಕಲ್ಲಿನಿಂದ ತವರೂರು ರಾಮಥಾಳಕ್ಕೆ ಹೋಗಿದ್ದೆ. ಹೊರಗಿನವರಿಗೆ ನಮ್ಮ ಊರು ಹನಿ ನೀರಾವರಿಯಿಂದ ಗೊತ್ತು. ನನಗೆ ನಮ್ಮ ಮನೆಯ ಪಡಸಾಲೆಯಿಂದ ಗೊತ್ತು. ಪಡಸಾಲೆಯ ಈ ಕಡೆ ಅವ್ವ ಮತ್ತು ಚಿಗವ್ವ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಒಂದು ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆ ಬೀಜ ಉರುಳಿಸುತ್ತಿದ್ದರು. ಆ ಕಡೆ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಗಳು ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸುತ್ತಿದ್ದಳು. ಪುಣೆಯಿಂದ ಬಂದಿದ್ದ ಅಣ್ಣ, ನಲವತ್ತೆಂಟು ವರ್ಷದ ಗೃಹಸ್ಥ, ಅವಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಜಾತ್ರೆಗೆ ಬಂದ ಹುಡುಗನ ಹಾಗೆ ತವಕಪಡುತ್ತಿದ್ದ. ಪರದೆಯ ಮೇಲೆ ಹೆಸರು ಮೂಡಿತು: ಕಾಂಟ್ರಾ.

"ಬಾ ತಂಗಿ, ನಿನ್ನ ರಿಮೋಟು ಇಲ್ಲೇ ಇಟ್ಟೀನಿ" ಎಂದ.

ನನ್ನ ರಿಮೋಟು ಎಂದರೆ ಎರಡನೆಯದು. ಮೂವತ್ತು ವರ್ಷದ ಹಿಂದೆ ಗೊತ್ತಾದ ಆ ಹಂಚಿಕೆಯನ್ನು ಅಣ್ಣ ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ.

1995ರ ಸುಮಾರಿಗೆ ನಮ್ಮ ಮನೆಗೆ ಟಿ.ವಿ. ಗೇಮು ಬಂತು. ಅಣ್ಣ ಹತ್ತನೆಯತ್ತ ಪಾಸಾದದ್ದಕ್ಕೆ ಅಪ್ಪ ಕೊಡಿಸಿದ್ದು. ಬಿಳಿ ಬೂದಿ ಬಣ್ಣದ ಪೆಟ್ಟಿಗೆ, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ 9999999 ಆಟ ಎಂದು ಬರೆದಿತ್ತು. ಎಣಿಸಿ ನೋಡಿದರೆ ಹತ್ತೋ ಹನ್ನೆರಡೋ ಆಟ ಮತ್ತೆ ಮತ್ತೆ ಹೆಸರು ಬದಲಿಸಿಕೊಂಡು ಬರುತ್ತಿದ್ದವು. ಚಿತ್ರ ಬರದಿದ್ದರೆ ಕ್ಯಾಸೆಟ್ಟು ತೆಗೆದು ಬಾಯಿಂದ ಊದಿ ಮತ್ತೆ ಹಾಕುವುದು. ಈ ಊದುವ ವಿದ್ಯೆಯನ್ನು ಯಾರು ಕಲಿಸಿದರೋ, ದೇಶದ ತುಂಬ ಮಕ್ಕಳೆಲ್ಲ ಊದುತ್ತಿದ್ದರು.

ಅದು ಅಸಲಿ ಯಂತ್ರವಲ್ಲವೆಂದು ನನಗೆ ತಿಳಿದದ್ದು ಮಗಳು ಹೇಳಿದ ಮೇಲೆ. ಅಸಲಿಯದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್. ನಮ್ಮಂಥ ಊರುಗಳಿಗೆ ಬಂದದ್ದು ಅದರ ನಕಲುಗಳು. ಅಸಲಿ ಫ್ಯಾಮಿಕಾಮ್‌ನಲ್ಲಿ ಒಂದು ವಿಚಿತ್ರ ಇತ್ತು. ಮೊದಲನೆಯ ರಿಮೋಟಿನಲ್ಲಿ ಸ್ಟಾರ್ಟ್ ಮತ್ತು ಸೆಲೆಕ್ಟ್ ಎಂಬ ಎರಡು ಗುಂಡಿ ಇದ್ದವು. ಎರಡನೆಯದರಲ್ಲಿ ಅವು ಇರಲಿಲ್ಲ. ಅವುಗಳ ಬದಲು ಸಣ್ಣದೊಂದು ಮೈಕು ಇಟ್ಟಿದ್ದರು. ನಕಲು ಮಾಡಿದವರು ಮೈಕನ್ನು ಬಿಟ್ಟರು, ಗುಂಡಿ ಇಲ್ಲದಿರುವುದನ್ನು ಮಾತ್ರ ತಪ್ಪದೆ ನಕಲು ಮಾಡಿದರು. ಹೀಗಾಗಿ ಎರಡನೆಯ ರಿಮೋಟು ಹಿಡಿದವರು ಆಟ ಶುರು ಮಾಡುವಂತಿಲ್ಲ, ಯಾವ ಆಟ ಎಂದು ಆರಿಸುವಂತಿಲ್ಲ, ನಡುವೆ ನಿಲ್ಲಿಸುವಂತಿಲ್ಲ. ಅವ್ವ ಒಳಗಿನಿಂದ "ಏ ಹುಡುಗಿ, ಹಾಲು ಉಕ್ಕೇರತಾವು ನೋಡು" ಎಂದು ಕೂಗಿದರೆ ನನ್ನ ಸಿಪಾಯಿಯನ್ನು ಗುಂಡಿನ ಮಳೆಯಲ್ಲಿ ಹಾಗೇ ಬಿಟ್ಟು ಓಡಬೇಕು. ತಿರುಗಿ ಬರುವಷ್ಟರಲ್ಲಿ ಅವನು ಮೂರು ಸಲ ಸತ್ತಿರುತ್ತಿದ್ದ. ಕಾಂಟ್ರಾದಲ್ಲಿ ಇರುವುದೇ ಮೂರು ಜೀವ.

ಇದೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಹಳೆಯ ವಿಡಿಯೋ ಗೇಮುಗಳನ್ನು ಮತ್ತೆ ಮಾಡುವುದು ಈಗ ಜಗತ್ತಿನಲ್ಲಿ ದೊಡ್ಡ ಉದ್ಯಮವಾಗಿದೆ. ಕಂಪನಿಗಳು ಮಾಡುತ್ತವೆ, ಕಂಪನಿಗಳು ಮಾಡದಿದ್ದರೆ ಅಭಿಮಾನಿಗಳು ರಾತ್ರಿ ನಿದ್ದೆಗೆಟ್ಟು ತಾವೇ ಮಾಡುತ್ತಾರೆ. ನನ್ನ ಅಣ್ಣನಂಥವರು ತಮ್ಮ ಮೆಚ್ಚಿನ ಆಟ ಯಾವಾಗ ಹೊಸದಾಗಿ ಬರುತ್ತದೋ ಎಂದು ವರ್ಷಗಟ್ಟಲೆ ಕಾಯುತ್ತಾರೆ. ಎರಡು ವರ್ಷದಿಂದ ಮಗಳ ಪಕ್ಕದಲ್ಲಿ ಕುಳಿತು ಇಂಥ ಕೆಲವನ್ನು ನೋಡಿದ್ದೇನೆ, ಆಡಿದ್ದೇನೆ, ಕೆಲವಕ್ಕೆ ಬೈದಿದ್ದೇನೆ. ಸಿನಿಮಾ, ಕಾದಂಬರಿಗಳ ಬಗ್ಗೆ ನಾವು ವಿಮರ್ಶೆ ಮಾತಾಡುವುದಿಲ್ಲವೆ? ಹಾಗೆಯೇ ಇದರ ಬಗ್ಗೆಯೂ ಯಾಕೆ ಆಡಬಾರದು ಎಂದು ಬರೆಯುತ್ತಿದ್ದೇನೆ.

ಮೊದಲು ಎರಡು ಶಬ್ದ. ಹಳೆಯದನ್ನೇ ತಿಕ್ಕಿ ತೊಳೆದು ಹೊಸ ಟಿ.ವಿ.ಗೆ ಒಗ್ಗಿಸಿದರೆ ಅದು ರಿಮಾಸ್ಟರ್. ಬುನಾದಿಯಿಂದ ಮತ್ತೆ ಕಟ್ಟಿದರೆ ರಿಮೇಕ್. ಕನ್ನಡ ಸಿನಿಮಾ ನೋಡಿ ಬೆಳೆದ ನಮಗೆ ಎರಡನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದಕ್ಕೂ ನಮ್ಮಲ್ಲಿ ಉದಾಹರಣೆ ಇದೆ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ಬಳಿದುಕೊಂಡು ಬಂತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ. ಕಸ್ತೂರಿ ನಿವಾಸವನ್ನು ನಾನೂ ಬಣ್ಣದಲ್ಲಿ ನೋಡಿದೆ. ರಾಜಕುಮಾರ್ ಅವರ ಮುಖ ಚೆನ್ನಾಗಿಯೇ ಇತ್ತು. ಆದರೆ ಆ ಚಿತ್ರದ ದುಃಖವೆಲ್ಲ ನನ್ನ ಮನಸ್ಸಿನಲ್ಲಿ ಕಪ್ಪು ಬಿಳುಪಿನಲ್ಲೇ ಕುಳಿತಿತ್ತು. ಬಣ್ಣ ಬಂದ ಮೇಲೆ ಅದು ನೆರೆಮನೆಯವರ ದುಃಖದ ಹಾಗೆ ಕಂಡಿತು.

ಆಟದ ವಿಷಯದಲ್ಲಿ ನನ್ನ ಸ್ಥಿತಿ ಇನ್ನೂ ವಿಚಿತ್ರ. ನಮ್ಮ ಮನೆಯ ಟಿ.ವಿ. ಕಪ್ಪು ಬಿಳುಪಿನದು. ಕಾಂಟ್ರಾದ ಕಾಡು ಹಸಿರು ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬ ಸಿಪಾಯಿಯದು ನೀಲಿ ಚೊಣ್ಣ, ಇನ್ನೊಬ್ಬನದು ಕೆಂಪು ಎಂಬುದೂ ಗೊತ್ತಿರಲಿಲ್ಲ. ನಾನು ಯಾರು, ಅಣ್ಣ ಯಾರು ಎಂದು ತಿಳಿಯಲು ಒಮ್ಮೆ ಜಿಗಿದು ನೋಡುತ್ತಿದ್ದೆ, ಜಿಗಿದವನು ನಾನು. ಮಗಳು ಮೊದಲ ಸಲ ಹಳೆಯ ಕಾಂಟ್ರಾವನ್ನು ಅದರ ಅಸಲಿ ಬಣ್ಣದಲ್ಲಿ ತೋರಿಸಿದಾಗ ನನಗೆ ಅದೇ ರಿಮಾಸ್ಟರಿನ ಹಾಗೆ ಕಂಡಿತು. ಹಾಗಾದರೆ ನನ್ನ ಪಾಲಿನ ಅಸಲಿ ಯಾವುದು? ಜಪಾನಿನವರು ಮಾಡಿದ್ದೋ, ಅದರ ನಕಲು ಪೆಟ್ಟಿಗೆಯಲ್ಲಿ, ಬಣ್ಣ ಕಳೆದುಕೊಂಡು, ಕರೆಂಟು ಹೋಗುವ ಭಯದ ನಡುವೆ ನಾನು ಆಡಿದ್ದೋ?

ಒಂದು ಮಾತನ್ನು ನಾನು ಕಲಿತದ್ದು ಹಳೆಯ ಮಾರಿಯೋದಿಂದ. ನಿಂಟೆಂಡೊ ಕಂಪನಿ 1993ರಲ್ಲೇ ತನ್ನ ಮಾರಿಯೋ ಆಟಗಳನ್ನು ಹೊಸ ಯಂತ್ರಕ್ಕಾಗಿ ಚೆಂದಗೊಳಿಸಿ 'ಸೂಪರ್ ಮಾರಿಯೋ ಆಲ್-ಸ್ಟಾರ್ಸ್' ಎಂದು ತಂದಿತು. ಮೋಡ, ಗುಡ್ಡ, ಇಟ್ಟಂಗಿ ಎಲ್ಲಕ್ಕೂ ನೆರಳು ಬೆಳಕು ಬಂದಿದೆ. ನೋಡಲು ಬಲು ಚೆಲುವು. ಆದರೆ ಮಾರಿಯೋ ಜಿಗಿದು ಇಟ್ಟಂಗಿ ಒಡೆದಾಗ ಏನೋ ತಪ್ಪಿದ ಹಾಗೆ ಅನ್ನಿಸಿತು. ಹಳೆಯ ಆಟದಲ್ಲಿ ಇಟ್ಟಂಗಿಗೆ ತಲೆ ತಾಗಿದ ತಕ್ಷಣ ಅವನು ಕೆಳಕ್ಕೆ ಬೀಳುತ್ತಿದ್ದ. ಇದರಲ್ಲಿ ಇಟ್ಟಂಗಿ ಒಡೆದ ಮೇಲೂ ಅವನು ತುಸು ಮೇಲಕ್ಕೇ ಹೋಗುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸ. ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಇಲಕಲ್ಲಿನ ಹೆಂಗಸರಿಗೆ ಇದು ಕೂಡಲೆ ಅರ್ಥವಾದೀತು. ಅಂಗಡಿಯಲ್ಲಿ ಎರಡು ಸೀರೆ ಹಾಸಿದರೆ ನಾವು ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ಮೈಗೂ ಸೆರಗಿಗೂ ಕೂಡಿಕೆ ಹೇಗಿದೆ, ಕೈಮಗ್ಗದಲ್ಲಿ ಕೊಂಡಿ ಹಾಕಿ ಎಳೆಗೆ ಎಳೆ ಜೋಡಿಸಿದ್ದೋ ಅಲ್ಲವೋ ಎಂದು ಆ ಜಾಗದ ಮೇಲೆ ಬೆರಳಾಡಿಸಿ ನೋಡುತ್ತೇವೆ. ಪವರ್‌ಲೂಮಿನ ಸೀರೆಯೂ ಮೊದಲ ನೋಟಕ್ಕೆ ಇಲಕಲ್ ಸೀರೆಯೇ.

ಇಂಥ ಎಡವಟ್ಟಿನ ದೊಡ್ಡ ಉದಾಹರಣೆ 2021ರಲ್ಲಿ ಆಯಿತು. 'ವೈಸ್ ಸಿಟಿ' ಎಂಬ ಆಟವನ್ನು ಇಲಕಲ್ಲಿನ ಹುಡುಗರು ಸೈಬರ್ ಕೆಫೆಯಲ್ಲಿ ತಾಸಿಗಿಷ್ಟು ಎಂದು ಕೊಟ್ಟು ಆಡಿದ್ದನ್ನು ನೀವೂ ಕೇಳಿರುತ್ತೀರಿ. ನನಗೆ ಆ ಆಟ ಸೇರುವುದಿಲ್ಲ. ಕಾರು ಕದಿಯುವುದು, ಹೊಡೆಯುವುದು, ಅದರಲ್ಲಿ ಹೆಂಗಸರನ್ನು ತೋರಿಸುವ ರೀತಿ ಎಲ್ಲ ಸೇರಿ ಹೇಸಿಗೆ ಬರುತ್ತದೆ. ಅದಿರಲಿ. ಅದನ್ನೂ ಅದರ ಅಣ್ಣತಮ್ಮಂದಿರನ್ನೂ ಹೊಸದಾಗಿ ಮಾರಾಟಕ್ಕೆ ತಂದಾಗ ಮಳೆ ಬಿಳಿ ಗೀರುಗಳ ಹಾಗೆ ಕಂಡಿತು, ಅಂಗಡಿಗಳ ಬೋರ್ಡಿನ ಮೇಲಿನ ಕಾಗುಣಿತ ಕೂಡ ಕೆಟ್ಟಿತ್ತು. ಕಂಪನಿ ಕ್ಷಮೆ ಕೇಳಿತು. ಹೊಸದು ಬರುವ ಮೊದಲು ಹಳೆಯವನ್ನು ಅಂಗಡಿಯಿಂದ ತೆಗೆದುಹಾಕಿದ್ದರು. ಅವನ್ನೂ ಮತ್ತೆ ಇಡಬೇಕಾಯಿತು. ಅದೇ ವರ್ಷ, ಹಳೆಯ ಆಟದ ಒಳಗನ್ನು ಬಿಚ್ಚಿ ಮತ್ತೆ ಜೋಡಿಸಿ ಸರಿಪಡಿಸಿಟ್ಟಿದ್ದ ಅಭಿಮಾನಿಗಳ ಮೇಲೆ ಅದರ ಒಡೆಯರು ದಾವೆ ಹೂಡಿದ್ದರು. ದುಡ್ಡಿಗಾಗಿ ಮಾಡಿದವರು ಕೆಡಿಸಿದರು, ಸುಮ್ಮನೆ ಪ್ರೀತಿಗೆ ಮಾಡಿದವರು ಕೋರ್ಟಿಗೆ ಹೋದರು.

ಅಭಿಮಾನಿಗಳ ಕೆಲಸದಲ್ಲಿ ನನಗೆ ಗೌರವ ಹುಟ್ಟಿಸಿದ್ದು 'ಮೆಟ್ರಾಯ್ಡ್'ನ ಕಥೆ. ಮೂಲ ಮೆಟ್ರಾಯ್ಡ್ 1986ರದು. ಮೈಮೇಲೆಲ್ಲ ಕವಚ ತೊಟ್ಟ ಯೋಧನೊಬ್ಬ ಗ್ರಹದ ಗವಿಗಳಲ್ಲಿ ಒಬ್ಬಂಟಿಯಾಗಿ ಹೋರಾಡುತ್ತಾನೆ. ಬೇಗ ಆಡಿ ಮುಗಿಸಿದವರಿಗೆ ಕೊನೆಯಲ್ಲಿ ಕವಚ ಕಳಚುತ್ತದೆ. ಒಳಗಿರುವವಳು ಹೆಂಗಸು, ಸಾಮಸ್. ಇದರ ಎರಡನೆಯ ಭಾಗ 1991ರಲ್ಲಿ ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರಕ್ಕೆ ಬಂತು, ಬಣ್ಣವಿಲ್ಲದ ಪುಟ್ಟ ಪರದೆಯಲ್ಲಿ. ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ಎಂಬವರು ಅದನ್ನು ಸುಮಾರು ಹತ್ತು ವರ್ಷ ಕುಳಿತು ಮತ್ತೆ ಕಟ್ಟಿ 2016ರ ಆಗಸ್ಟಿನಲ್ಲಿ ಪುಕ್ಕಟೆಯಾಗಿ ಹಂಚಿದರು. ನಿಂಟೆಂಡೊ ಕೂಡಲೆ ತಡೆಯಿತು. ಮರುವರ್ಷ ಅದೇ ಆಟದ ತನ್ನದೇ ರಿಮೇಕನ್ನು ತಾನೇ ಮಾರಿತು.

ಮಗಳಿಗೆ ಸಿಟ್ಟು. "ಹತ್ತು ವರ್ಷ ಅವ್ವಾ, ಹತ್ತು ವರ್ಷ!" ಎನ್ನುತ್ತಾಳೆ. ನನಗೆ ಕಂಪನಿಯ ಹಕ್ಕಿನ ಬಗ್ಗೆ ಅವಳಷ್ಟು ಸಿಟ್ಟಿಲ್ಲ. ನೇಕಾರನ ವಿನ್ಯಾಸವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು ಎಂದರೆ ಏನಾಗುತ್ತದೆಂದು ಇಲಕಲ್ಲಿನಲ್ಲಿ ಮನೆ ಮಾಡಿರುವ ನನಗೆ ಗೊತ್ತು. ಆದರೆ ಎಲ್ಲರೂ ಅದೇ ದಾರಿ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. 1998ರ 'ಹಾಫ್-ಲೈಫ್' ಆಟವನ್ನು ಅಭಿಮಾನಿಗಳ ತಂಡವೊಂದು ಮತ್ತೆ ಮಾಡಿ 2012ರಲ್ಲಿ 'ಬ್ಲ್ಯಾಕ್ ಮೇಸಾ' ಎಂದು ಪುಕ್ಕಟೆ ಕೊಟ್ಟಿತು. ಮೂಲದ ಕಂಪನಿ ಅಡ್ಡಿ ಮಾಡದೆ, ಮಾರುವುದಕ್ಕೂ ಒಪ್ಪಿತು. 2020ರಲ್ಲಿ ಅದು ಪೂರ್ತಿಯಾಗಿ ಹೊರಬಂತು. ಮನಸ್ಸಿದ್ದರೆ ಮಾರ್ಗವಿತ್ತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕಥೆಗೆ ಬರುತ್ತೇನೆ. ಇದು ಪ್ಯಾಕ್-ಮ್ಯಾನ್ ಹೆಂಡತಿಯ ಕಥೆ.

ಪ್ಯಾಕ್-ಮ್ಯಾನ್ ನಿಮಗೆ ಗೊತ್ತಿರಬಹುದು: ತುಂಡು ಕತ್ತರಿಸಿದ ರೊಟ್ಟಿಯಂಥ ಹಳದಿ ಮುಖ, ಬಾಯಿ ತೆರೆಯುತ್ತ ಮುಚ್ಚುತ್ತ ಚುಕ್ಕೆ ನುಂಗುತ್ತ ಓಡುತ್ತದೆ, ಹಿಂದೆ ನಾಲ್ಕು ದೆವ್ವ. 1980ರಲ್ಲಿ ಇದನ್ನು ಮಾಡಿದ ಜಪಾನಿನ ತೋರು ಇವಾತಾನಿ, ಗಂಡು ಹುಡುಗರೇ ತುಂಬಿದ ಆಟದಂಗಡಿಗಳಿಗೆ ಹೆಣ್ಣುಮಕ್ಕಳೂ ಬರಲಿ ಎಂದು ಇಂಥ ಆಟ ಯೋಚಿಸಿದ್ದಾಗಿ ಹೇಳಿದ್ದಾರೆ. ಅಮೆರಿಕದಲ್ಲಿ ಕಾಲೇಜು ಬಿಟ್ಟ ಕೆಲವು ಹುಡುಗರು ಇದೇ ಆಟದ ಯಂತ್ರಕ್ಕೆ ಸೇರಿಸಿ ಕೂಡಿಸುವ ಒಂದು ತುಣುಕು ತಯಾರಿಸಿದರು. ಅದಕ್ಕೆ 'ಕ್ರೇಜಿ ಆಟೋ' ಎಂದು ಹೆಸರಿಟ್ಟರು. ಯಾರೂ ಅವರನ್ನು ಮಾಡೆಂದು ಕೇಳಿರಲಿಲ್ಲ. ಇಂದಿನ ಮಾತಿನಲ್ಲಿ ಅಭಿಮಾನಿಗಳ ರಿಮೇಕ್ ಎನ್ನಬಹುದು. ಅಮೆರಿಕದಲ್ಲಿ ಪ್ಯಾಕ್-ಮ್ಯಾನ್ ಮಾರುತ್ತಿದ್ದ ಮಿಡ್‌ವೇ ಕಂಪನಿ ಅದನ್ನು ಕೊಂಡಿತು. ತಲೆಗೊಂದು ಕೆಂಪು ರಿಬ್ಬನ್ನು, ತುಟಿಗೆ ಬಣ್ಣ ಬಂತು. 1982ರಲ್ಲಿ ಅದು 'ಮಿಸ್ ಪ್ಯಾಕ್-ಮ್ಯಾನ್' ಆಗಿ ಹೊರಬಂತು.

ರಿಬ್ಬನ್ನು ಕಟ್ಟಿದ್ದಷ್ಟೇ ಎಂದುಕೊಳ್ಳಬೇಡಿ. ಗಂಡನ ಆಟದಲ್ಲಿ ಮೊದಲಿನಿಂದ ಕೊನೆವರೆಗೆ ಒಂದೇ ಚಕ್ರವ್ಯೂಹ, ಇವಳದರಲ್ಲಿ ನಾಲ್ಕು. ಅಲ್ಲಿ ಹಣ್ಣು ಒಂದೇ ಜಾಗದಲ್ಲಿ ಕುಳಿತಿರುತ್ತದೆ. ಇಲ್ಲಿ ಕುಣಿಯುತ್ತ ತಿರುಗಾಡುತ್ತದೆ, ಬೆನ್ನಟ್ಟಿ ಹಿಡಿಯಬೇಕು. ಅಲ್ಲಿ ದೆವ್ವಗಳ ದಾರಿಯನ್ನು ಬಾಯಿಪಾಠ ಮಾಡಿಕೊಂಡು ಕಣ್ಣು ಮುಚ್ಚಿ ಆಡುವವರಿದ್ದರು; ಇಲ್ಲಿ ದೆವ್ವಗಳ ಓಡಾಟದಲ್ಲಿ ಒಂದಷ್ಟು ಅಂದಾಜು ತಪ್ಪಿಸುವ ಗುಣ ಬೆರೆಸಿದ್ದರಿಂದ ಬಾಯಿಪಾಠ ನಡೆಯುವುದಿಲ್ಲ. ಎರಡನ್ನೂ ನಾನು ಆಡಿ ನೋಡಿದ್ದೇನೆ. ಹೆಂಡತಿಯದೇ ಉತ್ತಮ ಆಟ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಮೂಲವನ್ನು ಪ್ರೀತಿಸುವವರು, ಅದರ ಬೇಸರ ಎಲ್ಲಿದೆಯೆಂದು ಸಾವಿರ ಸಲ ಆಡಿ ತಿಳಿದವರು ಮಾಡಿದ್ದರಿಂದ ಅದು ಹಾಗಾಯಿತು. ಕಂಪನಿಯವರಿಗೆ ತಮ್ಮ ಆಟದಲ್ಲಿ ಬೇಸರ ಇರುವುದೇ ಗೊತ್ತಿರುವುದಿಲ್ಲ.

ಆಮೇಲೆ ಏನಾಯಿತು ಕೇಳಿ. ಹೊರಗಿನ ಹುಡುಗರು ಮಾಡಿದ ಆಟವಾದ್ದರಿಂದ ಅವಳ ಹಕ್ಕಿನ ಲೆಕ್ಕ ಗೋಜಲಾಯಿತು. ಜಪಾನಿನ ಕಂಪನಿ ತನ್ನ ಹಳೆಯ ಆಟಗಳನ್ನು 2022ರಲ್ಲಿ ಮತ್ತೆ ಹೊರತಂದಾಗ, 1984ರ 'ಪ್ಯಾಕ್-ಲ್ಯಾಂಡ್'ನಲ್ಲಿ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ಅವಳನ್ನು ತೆಗೆದು, ಬೇರೆ ಟೋಪಿಯ ಬೇರೊಬ್ಬಳನ್ನು ನಿಲ್ಲಿಸಿತು. ಅವಳ ಹೆಸರು 'ಪ್ಯಾಕ್-ಮಾಮ್', ಅಂದರೆ ಪ್ಯಾಕ್ ತಾಯಿ. ಗಂಡ ಅವನೇ, ಮಗು ಅದೇ, ಮನೆ ಅದೇ. ಅವಳು ಮಾತ್ರ ಅವಳಲ್ಲ. ಇದನ್ನು ಮಗಳು ತೋರಿಸಿದಾಗ ಅವ್ವನೂ ಪಕ್ಕದಲ್ಲಿದ್ದಳು. ವಿಷಯ ಕೇಳಿ, "ಎರಡನೇ ಸಂಬಂಧ ಮಾಡಿಕೊಂಡನೇನು?" ಎಂದಳು. ನಾವು ನಕ್ಕೆವು. ಹಳೆಯದನ್ನು ಹಾಗೇ ಉಳಿಸುತ್ತೇವೆ ಎಂದು ಹೇಳಿಕೊಂಡು ಬಂದ ಪ್ರತಿಯೊಳಗಿಂದ ಒಬ್ಬ ಹೆಂಗಸನ್ನು ಸದ್ದಿಲ್ಲದೆ ಬದಲಾಯಿಸಿದರು ಎಂಬುದು ನನಗೆ ಇಂದಿಗೂ ನಗೆಯಾಗಿ ಕಾಣುವುದಿಲ್ಲ. ನಾಳೆ ಈ ಹೊಸ ಪ್ರತಿಯನ್ನು ಆಡುವ ಮಗುವಿಗೆ ಮೊದಲಿನವಳು ಇದ್ದಳೆಂಬುದು ಹೇಗೆ ಗೊತ್ತಾಗಬೇಕು?

ಇದಕ್ಕೆ ತದ್ವಿರುದ್ಧವಾದ ಒಂದು ಸಣ್ಣ ಘಟನೆ 2013ರದು. 'ಡಾಂಕಿ ಕಾಂಗ್' ಆಟದಲ್ಲಿ ದೊಡ್ಡ ಮಂಗವೊಂದು ಹುಡುಗಿಯನ್ನು ಎತ್ತಿಕೊಂಡು ಹೋಗಿ ಮೇಲಿನ ಅಟ್ಟದಲ್ಲಿ ಕೂರಿಸಿರುತ್ತದೆ. ಮಾರಿಯೋ ಏಣಿ ಹತ್ತಿ ಅವಳನ್ನು ಬಿಡಿಸಬೇಕು. ನಮ್ಮ ಹಳದಿ ಕ್ಯಾಸೆಟ್ಟಿನಲ್ಲೂ ಇದಿತ್ತು. ಅಮೆರಿಕದ ಆಟ ತಯಾರಕರೊಬ್ಬರ ಮೂರು ವರ್ಷದ ಮಗಳು, ತಾನು ಆ ಹುಡುಗಿಯಾಗಿ ಮಾರಿಯೋನನ್ನು ಬಿಡಿಸಬೇಕು ಎಂದು ಕೇಳಿದಳು. ತಂದೆ ರಾತ್ರಿ ಕುಳಿತು ಆಟದ ಒಳಗನ್ನು ತಿದ್ದಿ ಅವರಿಬ್ಬರ ಜಾಗ ಅದಲುಬದಲು ಮಾಡಿಕೊಟ್ಟರು. ಮಂಗ ಅದೇ, ಏಣಿ ಅವೇ, ಉರುಳುವ ಪೀಪಾಯಿ ಅವೇ. ಕಷ್ಟವೂ ಅಷ್ಟೇ. ನಾನು ನೋಡಿದ ಮರುಸೃಷ್ಟಿಗಳಲ್ಲೆಲ್ಲ ಅತಿ ಚಿಕ್ಕದು ಇದು. ನನ್ನ ಮೆಚ್ಚಿಗೆಯದೂ ಇದೇ. ಬಣ್ಣ ಬಳಿಯಲಿಲ್ಲ, ನಯ ಮಾಡಲಿಲ್ಲ. ಕಾಯುತ್ತ ಕುಳಿತವಳ ಕೈಗೆ ಮೊದಲನೆಯ ರಿಮೋಟು ಕೊಟ್ಟರು.

ಇಷ್ಟರ ನಡುವೆ ಅವ್ವ, ಚಿಗವ್ವನ ಆಟ ನಡೆದೇ ಇತ್ತು. ಚಿಗವ್ವ ನಾಲ್ಕು ಹಾಕಿ ಅವ್ವನ ಕಾಯಿ ಕಡಿದಳು. ಅವ್ವ ನಿಯಮ ತಪ್ಪಿತೆಂದು ಜಗಳ ತೆಗೆದಳು. ಅವರ ಆಟದಲ್ಲೂ ರಿಮೇಕ್ ಇದೆ, ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೆ. ನಮ್ಮ ಪಚ್ಚೀಸಿಯನ್ನು ಇಂಗ್ಲೆಂಡಿನವರು ಸಣ್ಣದಾಗಿಸಿ, ಕವಡೆ ತೆಗೆದು ದಾಳ ಹಾಕಿ, 1896ರಲ್ಲಿ 'ಲೂಡೋ' ಎಂದು ಪೇಟೆಂಟ್ ಮಾಡಿಕೊಂಡರು. ಅದೇ ಲೂಡೋ ನಮ್ಮ ಫೋನಿಗೆ ತಿರುಗಿ ಬಂತು. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಆಡಿದ್ದೂ ಆಡಿದ್ದೇ. ಪುಣ್ಯ ಪಾಪಗಳ ಹೆಸರು ಬರೆದ ಪರಮಪದ ಸೋಪಾನದ ಪಟವೂ ಹಾಗೇ ಅಲ್ಲಿ ಹೋಗಿ ಹಾವು ಏಣಿಯಾಯಿತು. ಬರಬರುತ್ತ ಪಾಪ ಪುಣ್ಯ ಅಳಿಸಿಹೋಗಿ ಹಾವೂ ಏಣಿಯೂ ಮಾತ್ರ ಉಳಿದವು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಹಲಗೆಯ ಆಟಗಳಲ್ಲಿ ತಾವೇ ಹೊಸವನ್ನು ಕಟ್ಟಿದವರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳಲ್ಲಿ ಮರೆತ ಆಟಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ ಇಟ್ಟಿದ್ದಾರೆ. ಕೆಲಸ ಅಚ್ಚುಕಟ್ಟು. ನನ್ನದೊಂದೇ ತಕರಾರು. ಅಷ್ಟು ಚೆಂದದ ಹಾಸು ಮನೆಗೆ ಬಂದರೆ ನಾವು ಅದನ್ನು ಷೋಕೇಸಿನಲ್ಲಿಟ್ಟು ಮತ್ತೆ ನೆಲದ ಮೇಲೆಯೇ ಸೀಮೆಸುಣ್ಣ ಎಳೆಯುತ್ತೇವೆ. ಚೌಕಾಬಾರಕ್ಕೆ ಒಡೆಯರಿಲ್ಲ. ಅವ್ವ ಸೆರಗಿನಿಂದ ಒರೆಸಿ ನಾಳೆ ಹೊಸದು ಬರೆಯುತ್ತಾಳೆ. ಅವಳ ಮನೆಯಲ್ಲಿ ಒಂದು ನಿಯಮ, ಗಂಡನ ಮನೆಯಲ್ಲಿ ಒಂದು ನಿಯಮ, ಎರಡೂ ಸರಿಯೇ. ವಿಡಿಯೋ ಗೇಮಿನ ಅಭಿಮಾನಿಗಳು ಕೇಳುವುದು ಬಹುಶಃ ಇಷ್ಟನ್ನೇ ಇರಬೇಕು.

ಆ ದಿನ ಮಗಳು ಹಾಕಿದ್ದು 2024ರ ಕಾಂಟ್ರಾ, 'ಆಪರೇಷನ್ ಗಲೂಗಾ'. ಹಳೆಯದರದೇ ರಿಮೇಕ್, ಈ ಸಲ ಕಂಪನಿಯೇ ಬೇರೆ ತಂಡದಿಂದ ಮಾಡಿಸಿದ್ದು. ಕಾಡು, ಜಲಪಾತ, ಗೋಡೆಗೆ ಅಂಟಿಕೊಂಡ ತೋಪು, ಎಲ್ಲ ಗುರುತು ಸಿಗುತ್ತವೆ. ಗಾಳಿಯಲ್ಲಿ ಇನ್ನೊಮ್ಮೆ ಜಿಗಿಯಬಹುದು, ಸರ್ರನೆ ನುಗ್ಗಬಹುದು. ಆಡಿಸಲು ಹೆಂಗಸರೂ ಇದ್ದಾರೆ. ಜೀವಕ್ಕೆ ಪಟ್ಟಿ ಬಂದಿದೆ: ಒಂದು ಗುಂಡು ತಾಗಿದರೆ ಸಾಯುವುದಿಲ್ಲ, ಪಟ್ಟಿ ಕುಗ್ಗುತ್ತದೆ. ಹಳೆಯ ಹಾಗೆ ಒಂದೇ ಪೆಟ್ಟಿಗೆ ಸಾಯಬೇಕೆಂದರೆ ಅದನ್ನೂ ಆರಿಸಿಕೊಳ್ಳಬಹುದು. ಇದು ಒಳ್ಳೆಯ ತೀರ್ಮಾನ. ಕಷ್ಟವನ್ನು ತೆಗೆದುಹಾಕದೆ, ಬೇಕಾದವರಿಗೆ ಇಟ್ಟಿದ್ದಾರೆ.

ಅಣ್ಣ ಒಂದೇ ಪೆಟ್ಟಿನದನ್ನೇ ಆರಿಸಿದ. "ಇಲ್ಲಂದ್ರ ಅದು ಕಾಂಟ್ರಾ ಅಲ್ಲ" ಎಂದ. ಎರಡು ನಿಮಿಷದಲ್ಲಿ ಇಬ್ಬರೂ ಸತ್ತೆವು. ಮತ್ತೆ ಸತ್ತೆವು. ಅವನಿಗೆ ಸಮಾಧಾನವಿಲ್ಲ: ಸಂಗೀತ ಜೋರಾಯಿತು, ಸಿಪಾಯಿಗಳು ಮಾತು ಬಹಳ ಆಡುತ್ತಾರೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಅವನ ದೂರುಗಳಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಮಾತು ನಿಜಕ್ಕೂ ಹೆಚ್ಚಾಯಿತು. ಹಳೆಯ ಸಿಪಾಯಿಗಳು ಮಾತಾಡದೆ ಸಾಯುತ್ತಿದ್ದರು. ಆದರೆ ಅವನು ಹಂಬಲಿಸುವ ಕಾಂಟ್ರಾ ಯಾವ ಕಂಪನಿಯೂ ಮಾಡಿಕೊಡುವಂಥದ್ದಲ್ಲ. ಅದರಲ್ಲಿ ಅವನಿಗೆ ಹದಿನೇಳು ವರ್ಷ, ಕಿಟಕಿಗೆ ಓಣಿಯ ಹುಡುಗರು ಮುಖ ಒತ್ತಿಕೊಂಡಿದ್ದಾರೆ, ಪಕ್ಕದಲ್ಲಿ ಅವನು ಹೇಳಿದಂತೆ ಕೇಳುವ ತಂಗಿ ಇದ್ದಾಳೆ.

ನನಗೂ ನೆನಪುಗಳಿವೆ. ಹಳೆಯ ಕಾಂಟ್ರಾದ ಮೂರನೆಯ ಹಂತ ಜಲಪಾತ. ಅಲ್ಲಿ ಬಂಡೆಯಿಂದ ಬಂಡೆಗೆ ಮೇಲೆ ಹತ್ತಬೇಕು. ಮುಂದಿನವನು ಹತ್ತಿದಂತೆ ಪರದೆ ಮೇಲೆ ಸರಿಯುತ್ತದೆ. ಹಿಂದೆ ಉಳಿದವರು ಪರದೆಯ ಕೆಳಗೆ ಬಿದ್ದು ಸಾಯುತ್ತಾರೆ. ಯಾವ ವೈರಿಯೂ ಬೇಕಾಗಿಲ್ಲ, ಜೊತೆಗಾರನ ಅವಸರವೇ ಸಾಕು. ಅಣ್ಣ ಪ್ರತಿ ಸಲ ಅವಸರ ಮಾಡುತ್ತಿದ್ದ. ನಾನು ಪ್ರತಿ ಸಲ ಕೆಳಗೆ ಬೀಳುತ್ತಿದ್ದೆ. ಅವನಿಗೆ ಅದು ಆಟ ಗೆದ್ದ ನೆನಪು.

ಇದನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಒದರಬೇಕಿಲ್ಲೇನು, ನಿಂದ್ರು ಅಂತ?" ಎಂದ.

"ಒದರೇನಿ. ನಿನಗ ಕೇಳಸ್ತಿರಲಿಲ್ಲ."

ಮಗಳು ನಮ್ಮಿಬ್ಬರ ಮುಖ ನೋಡಿ ಗಲೂಗಾ ಮುಚ್ಚಿದಳು. ಕೊನಾಮಿ ಕಂಪನಿ 2019ರಲ್ಲಿ ತನ್ನ ಹಳೆಯ ಕಾಂಟ್ರಾಗಳನ್ನೆಲ್ಲ ಕೂಡಿಸಿ ತಂದ ಕಟ್ಟೊಂದು ಅವಳ ಬಳಿ ಇತ್ತು. ಅದನ್ನು ತೆರೆದು, ಟಿ.ವಿ.ಯ ಬಣ್ಣವನ್ನೆಲ್ಲ ಸೊನ್ನೆಗೆ ಇಳಿಸಿದಳು. ಕಪ್ಪು ಬಿಳುಪಿನ ಕಾಡು ಬಂತು. ಅಣ್ಣ "ಹಾಂ, ಇದು!" ಎಂದು ಮುಂದೆ ಸರ್ಕೊಂಡು ಕುಳಿತ. ನಾನು ಒಮ್ಮೆ ಜಿಗಿದು ನಾನು ಯಾರೆಂದು ನೋಡಿಕೊಂಡೆ.

ಜಲಪಾತಕ್ಕೆ ಬಂದೆವು. ಅಣ್ಣ ಹಳೆಯ ಚಾಳಿಯಂತೆ ಏರತೊಡಗಿದ. ಒಳಗಿನಿಂದ ಅತ್ತಿಗೆ ಕೂಗಿದರು: "ಅಕ್ಕಾರ, ಚಹಾ ಉಕ್ಕೇರಲಿಕ್ಕತ್ತೈತಿ, ಸ್ವಲ್ಪ ನೋಡ್ರಿ, ನನ್ನ ಕೈ ಹಿಟ್ಟಾಗ ಐತಿ!"

ಮಗಳು ತಂದಿದ್ದ ಎರಡು ರಿಮೋಟೂ ಒಂದೇ ತರಹದವು. ನನ್ನದರಲ್ಲೂ ಸ್ಟಾರ್ಟ್ ಗುಂಡಿ ಇತ್ತು. ಒತ್ತಿದೆ. ಜಲಪಾತ ನಿಂತಿತು, ಗುಂಡುಗಳು ಗಾಳಿಯಲ್ಲಿ ನಿಂತವು, ಅಣ್ಣ ಜಿಗಿತದ ನಡುವೆ ಕಾಲು ಮಡಚಿಕೊಂಡು ನಿಂತ.

"ಏ, ಯಾಕ ನಿಂದರಿಸಿದಿ?"

"ಚಹಾ ಸೋಸಿ ಬರತೀನಿ" ಎಂದು ಎದ್ದು ಹೋದೆ. ಅವಸರವೇನೂ ಮಾಡಲಿಲ್ಲ. ಸಕ್ಕರೆ ಹಾಕಿ, ಎಲ್ಲರಿಗೂ ಕಪ್ಪು ಬಸಿಗೆ ಹೊಂದಿಸಿ, ಅವ್ವನಿಗೂ ಚಿಗವ್ವನಿಗೂ ಕೊಟ್ಟು, ಅವರ ಜಗಳದಲ್ಲಿ ಯಾರ ಕಾಯಿ ಹಣ್ಣಾಯಿತೆಂದು ಕೇಳಿ, ಆಮೇಲೆ ಬಂದು ಕುಳಿತೆ. ಅಣ್ಣ ಇನ್ನೂ ಅಲ್ಲೇ, ಗಾಳಿಯಲ್ಲೇ ಇದ್ದ.